ಕರೋನಾ ಪ್ಲಾಸ್ಮಾದೊಳಗೆ ಸೂರ್ಯನ ರೇಡಿಯೋ ಅಲೆಯ ದಾರಿ: ನೀವೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಸೂರ್ಯನ ಹೊರ ವಾತಾವರಣವಾದ ಕರೋನಾ ಪ್ಲಾಸ್ಮಾದಿಂದ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಒಡೆದ ಬಿಸಿ ಅನಿಲದಿಂದ, ಆಗಿದೆ. ಅದರಲ್ಲಿ ರೇಡಿಯೋ ಕಿರಣ ಹೇಗೆ ಬಾಗುತ್ತದೆ ಎಂದು ಲೆಕ್ಕ ಹಾಕಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಕಿರಣ ಸೂರ್ಯನ ಕಡೆ ಚೆನ್ನಾಗಿಯೇ ಸಾಗುತ್ತದೆ, ಬಾಗಲು ಶುರುಮಾಡುತ್ತದೆ, ಇನ್ನೇನು ತಿರುಗಬೇಕು ಎನ್ನುವಾಗ ಕೋಡ್ ಸಂಖ್ಯೆಯ ಬದಲು ದೋಷಸೂಚನೆ ಕೊಡುತ್ತದೆ. ಇಲ್ಲವೇ ಕಿರಣ ಎತ್ತಲೋ ಚಿಮ್ಮಿ ಹೋಗುತ್ತದೆ. ಲೆಕ್ಕದ ಹೆಜ್ಜೆಯನ್ನು ಚಿಕ್ಕದು ಮಾಡಿದರೂ ಸರಿಹೋಗುವುದಿಲ್ಲ. ತಪ್ಪು ಇರುವುದು ಕಂಪ್ಯೂಟರಿನಲ್ಲಲ್ಲ, ಸಮೀಕರಣವನ್ನು ಬರೆದುಕೊಂಡ ರೀತಿಯಲ್ಲಿ ಮತ್ತು ಕೆಲಸದ ಕ್ರಮದಲ್ಲಿ. ಕೆಳಗಿನ ಕ್ರಮವನ್ನು ದಯವಿಟ್ಟು ಅದಲುಬದಲು ಮಾಡಬೇಡಿ. ಪ್ರತಿ ಹಂತದಲ್ಲೂ ತಾಳೆ ನೋಡಲು ಒಂದು ಸಂಖ್ಯೆ ಕೊಟ್ಟಿದ್ದೇನೆ. ಅದು ಬಂದ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ.

## ಮೊದಲು ಕೈಯಲ್ಲಿರಬೇಕಾದದ್ದು

ಪೈಥಾನ್ ಭಾಷೆ ಮತ್ತು ಅದರ ಗಣಿತ ಸಂಗ್ರಹವಾದ ನಮ್‌ಪೈ ಇದ್ದರೆ ಸಾಕು. ಬೇರೆ ಭಾಷೆಯಲ್ಲಿ ಬರೆದರೂ ಅಡ್ಡಿಯಿಲ್ಲ. ಗ್ರಾಫ್ ಬಿಡಿಸುವ ಸೌಲಭ್ಯ ಕಡ್ಡಾಯ, ಏಕೆಂದರೆ ಅರ್ಧದಷ್ಟು ತಪ್ಪುಗಳು ಕಣ್ಣಿಗೆ ಬೀಳುವುದು ಚಿತ್ರದಲ್ಲೇ. ಒಂದು ಕ್ಯಾಲ್ಕುಲೇಟರ್ ಮತ್ತು ಕಾಗದವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಸೂತ್ರವನ್ನು ಕೋಡಿಗೆ ಹಾಕುವ ಮುನ್ನ ಒಂದು ಸಲವಾದರೂ ಕೈಯಾರೆ ಲೆಕ್ಕ ಮಾಡಿರಬೇಕು.

ಈ ಬರಹದುದ್ದಕ್ಕೂ 80 ಮೆಗಾಹರ್ಟ್ಸ್ ಅಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

## ಹಂತ 1: ಏಕಮಾನಗಳನ್ನು ಕಟ್ಟಿಹಾಕಿ

ದೂರವನ್ನೆಲ್ಲ ಸೂರ್ಯನ ತ್ರಿಜ್ಯದಲ್ಲಿ ಅಳೆಯಿರಿ. ಸೂರ್ಯನ ಕೇಂದ್ರ 0, ಕಣ್ಣಿಗೆ ಕಾಣುವ ಮೇಲ್ಮೈ 1, ಭೂಮಿ ಸುಮಾರು 215. ಒಂದು ತ್ರಿಜ್ಯವೆಂದರೆ 6,95,700 ಕಿಲೋಮೀಟರ್, ಅಂದರೆ 6.957 × 10¹⁰ ಸೆಂಟಿಮೀಟರ್. ಅಷ್ಟು ದೂರ ಸಾಗಲು ಬೆಳಕಿಗೆ 2.32 ಸೆಕೆಂಡು ಬೇಕು. ಎಲೆಕ್ಟ್ರಾನ್ ಸಾಂದ್ರತೆ ಘನ ಸೆಂಟಿಮೀಟರಿಗೆ ಇಷ್ಟು ಎಂದಿರಲಿ, ಆವೃತ್ತಿ ಮೆಗಾಹರ್ಟ್ಸ್‌ನಲ್ಲಿರಲಿ.

ಇನ್ನೊಂದು ಗೊಂದಲವನ್ನು ಈಗಲೇ ಬಗೆಹರಿಸಿಕೊಳ್ಳಿ. ದೂರ ಎಂದರೆ ಕೇಂದ್ರದಿಂದ ಅಳೆದ ದೂರ. ಎತ್ತರ ಎಂದರೆ ಮೇಲ್ಮೈಯಿಂದ ಅಳೆದದ್ದು. 1.32 ದೂರವೆಂದರೆ 0.32 ಎತ್ತರ. ಎತ್ತರ ಕೇಳುವ ಸೂತ್ರಕ್ಕೆ ದೂರವನ್ನು ಕೊಟ್ಟರೆ ಕೋಡ್ ದೂರುವುದಿಲ್ಲ, ಆದರೆ ಉತ್ತರ ಪೂರ್ತಿ ಸುಳ್ಳಾಗಿರುತ್ತದೆ.

## ಹಂತ 2: ಸಾಂದ್ರತೆಯ ಮಾದರಿ ಆರಿಸಿ, ಅದರ ಮಿತಿ ತಿಳಿಯಿರಿ

ಅಲೆಯ ದಾರಿಯನ್ನು ನಿರ್ಧರಿಸುವುದು ಎಲೆಕ್ಟ್ರಾನ್‌ಗಳು. ಎಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂದು ಗೊತ್ತಾಗದೆ ಮುಂದೆ ಹೆಜ್ಜೆಯಿಡುವಂತಿಲ್ಲ. ಆರಂಭಕ್ಕೆ 1961ರ ನ್ಯೂಕರ್ಕ್ ಮಾದರಿ ಒಳ್ಳೆಯದು:

ಸಾಂದ್ರತೆ = 42,000 × 10^(4.32 ÷ ದೂರ)

ತಾಳೆ ನೋಡಿ: ದೂರ 1.44 ಎಂದಿಟ್ಟರೆ 4.32 ÷ 1.44 ಸರಿಯಾಗಿ 3. ಸಾಂದ್ರತೆ 4.2 ಕೋಟಿ ಬರಬೇಕು. ದೂರ 1ಕ್ಕೆ ಸುಮಾರು 88 ಕೋಟಿ.

ಈ ಮಾದರಿಯಲ್ಲಿ ಒಂದು ಬಲೆಯಿದೆ. ದೂರ ಎಷ್ಟೇ ಹೆಚ್ಚಿದರೂ ಸಾಂದ್ರತೆ 42,000ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಭೂಮಿಯ ಬಳಿ ಸೌರಮಾರುತದ (ಸೂರ್ಯನಿಂದ ಸದಾ ಹೊರಹರಿಯುವ ಪ್ಲಾಸ್ಮಾದ) ನಿಜವಾದ ಸಾಂದ್ರತೆ ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟು. ಹಾಗಾಗಿ ನ್ಯೂಕರ್ಕ್ ಮಾದರಿ ಕೆಳ ಕರೋನಾಕ್ಕಷ್ಟೇ ಸರಿ, ಭೂಮಿಯವರೆಗೆ ಎಳೆಯಬೇಡಿ. ದೂರದ ಜಾಗಗಳಿಗೆ 1998ರ ಲೆಬ್ಲಾಂ ಮಾದರಿ ಇದೆ:

ಸಾಂದ್ರತೆ = 3.3 × 10⁵ ÷ ದೂರ² + 4.1 × 10⁶ ÷ ದೂರ⁴ + 8 × 10⁷ ÷ ದೂರ⁶

ಇಲ್ಲಿಯೇ ಇನ್ನೊಂದು ತಪ್ಪು ನಡೆಯುತ್ತದೆ. ಕೆಲವರು 3 ತ್ರಿಜ್ಯದವರೆಗೆ ನ್ಯೂಕರ್ಕ್, ಆಚೆಗೆ ಲೆಬ್ಲಾಂ ಎಂದು ಒಂದು ಷರತ್ತು ಬರೆದುಬಿಡುತ್ತಾರೆ. 3ರಲ್ಲಿ ಮೊದಲನೆಯದು ಸುಮಾರು 11.6 ಲಕ್ಷ ಕೊಟ್ಟರೆ ಎರಡನೆಯದು ಸುಮಾರು 2 ಲಕ್ಷ ಕೊಡುತ್ತದೆ. ಇಲ್ಲದ ಒಂದು ಗೋಡೆಯನ್ನು ನೀವೇ ಕಟ್ಟಿದಂತಾಯಿತು, ಕಡಿಮೆ ಆವೃತ್ತಿಯ ಕಿರಣ ಅಲ್ಲಿ ಸುಮ್ಮನೆ ಮುರಿಯುತ್ತದೆ. ಒಂದೇ ಮಾದರಿಯನ್ನು ಪೂರ್ತಿ ಬಳಸಿ. ಬೆಸೆಯಲೇಬೇಕಾದರೆ ಬೆಸುಗೆಯಲ್ಲಿ ಸಾಂದ್ರತೆಯೂ ಅದರ ಇಳಿಜಾರೂ ಎರಡು ಕಡೆ ಒಂದೇ ಆಗುವಂತೆ ನೋಡಿಕೊಳ್ಳಿ.

ಮಾದರಿಯ ಆಯ್ಕೆ ಸಣ್ಣ ವಿಷಯವಲ್ಲ. 80 ಮೆಗಾಹರ್ಟ್ಸ್ ಅಲೆ ದಾಟಲಾಗದ ಮಟ್ಟ ನ್ಯೂಕರ್ಕ್ ಪ್ರಕಾರ 1.32ರಲ್ಲಿದ್ದರೆ, 1977ರ ಸೈಟೊ ಮಾದರಿಯ ಪ್ರಕಾರ 1.13ರಲ್ಲಿದೆ. ವ್ಯತ್ಯಾಸ ಸುಮಾರು 1.3 ಲಕ್ಷ ಕಿಲೋಮೀಟರ್. ಯಾವ ಮಾದರಿ ಬಳಸಿದಿರಿ ಎಂದು ಹೇಳದೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲ.

## ಹಂತ 3: ಅಲೆ ದಾಟಲಾಗದ ಮಟ್ಟವನ್ನು ಹುಡುಕಿ

ಪ್ರತಿ ಸಾಂದ್ರತೆಗೂ ಒಂದು ಪ್ಲಾಸ್ಮಾ ಆವೃತ್ತಿ, ಅಂದರೆ ಅಲ್ಲಿನ ಎಲೆಕ್ಟ್ರಾನ್‌ಗಳು ತಾವಾಗಿ ಕಂಪಿಸುವ ಆವೃತ್ತಿ, ಇರುತ್ತದೆ:

ಪ್ಲಾಸ್ಮಾ ಆವೃತ್ತಿ = 0.00898 × √ಸಾಂದ್ರತೆ

ಉತ್ತರ ಮೆಗಾಹರ್ಟ್ಸ್‌ನಲ್ಲಿ. ಸಾಂದ್ರತೆ 4.2 ಕೋಟಿಗೆ 58.2 ಬರಬೇಕು. ಘನ ಮೀಟರಿನ ಸಾಂದ್ರತೆಯನ್ನು ಹಾಕಿದರೆ ಉತ್ತರ ಸರಿಯಾಗಿ ಸಾವಿರ ಪಟ್ಟು ದೊಡ್ಡದಾಗುತ್ತದೆ. ಹಾಗೆ ಬಂದರೆ ಕಾರಣ ಬೇರೆಲ್ಲೂ ಹುಡುಕಬೇಡಿ.

ಅಲೆಯ ಆವೃತ್ತಿ ಸುತ್ತಲಿನ ಪ್ಲಾಸ್ಮಾ ಆವೃತ್ತಿಗಿಂತ ಹೆಚ್ಚಿದ್ದರೆ ಮಾತ್ರ ಅಲೆ ಸಾಗುತ್ತದೆ. ಎರಡೂ ಸಮವಾಗುವ ಜಾಗವನ್ನು ನಾನು ತಡೆಮಟ್ಟ ಎನ್ನುತ್ತೇನೆ. 80 ಮೆಗಾಹರ್ಟ್ಸ್‌ಗೆ ಬೇಕಾದ ಸಾಂದ್ರತೆ 7.94 ಕೋಟಿ, ಅದು ಸಿಗುವುದು 1.32ರಲ್ಲಿ. 40 ಮೆಗಾಹರ್ಟ್ಸ್‌ಗೆ 1.62ರಲ್ಲಿ. ಅಂದರೆ ಆವೃತ್ತಿ ಇಳಿದಷ್ಟೂ ರೇಡಿಯೋ ಸೂರ್ಯ ದೊಡ್ಡದಾಗುತ್ತಾನೆ. ನಿಮ್ಮ ಗ್ರಾಫಿನಲ್ಲಿ ಇದು ಉಲ್ಟಾ ಕಂಡರೆ ಹಂತ 2ಕ್ಕೆ ಹಿಂತಿರುಗಿ.

## ಹಂತ 4: ಸೂಚ್ಯಂಕದ ವರ್ಗವನ್ನು ಇಟ್ಟುಕೊಳ್ಳಿ, ಮೂಲವನ್ನು ತೆಗೆಯಬೇಡಿ

ಪ್ಲಾಸ್ಮಾದ ವಕ್ರೀಭವನ ಸೂಚ್ಯಂಕ ಗಾಜಿನಂತಲ್ಲ, 1ಕ್ಕಿಂತ ಕಡಿಮೆ:

ಸೂಚ್ಯಂಕದ ವರ್ಗ = 1 − (ಪ್ಲಾಸ್ಮಾ ಆವೃತ್ತಿ ÷ ಅಲೆಯ ಆವೃತ್ತಿ)²

ದೂರ 1.44ರಲ್ಲಿ 80 ಮೆಗಾಹರ್ಟ್ಸ್‌ಗೆ ಇದು 0.471. ತಡೆಮಟ್ಟದಲ್ಲಿ ಸೊನ್ನೆ, ಬಹುದೂರದಲ್ಲಿ 1. ಕೋಡಿನಲ್ಲಿ ಈ ವರ್ಗವನ್ನೇ ಇಟ್ಟುಕೊಳ್ಳಿ. ವರ್ಗಮೂಲ ತೆಗೆದು, ಮುಂದೆ ಅದರಿಂದ ಭಾಗಿಸುವ ಅಭ್ಯಾಸವೇ ಆರಂಭದಲ್ಲಿ ಹೇಳಿದ ದೋಷದ ಮೂಲ. ತಡೆಮಟ್ಟದ ಹತ್ತಿರ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ.

ಸಾಂದ್ರತೆಯ ಇಳಿಜಾರು ಕೂಡ ಬೇಕು. ನ್ಯೂಕರ್ಕ್ ಮಾದರಿಗೆ ಅದನ್ನು ಕಾಗದದ ಮೇಲೆಯೇ ತೆಗೆಯಬಹುದು: ಸಾಂದ್ರತೆ × (−9.947 ÷ ದೂರ²). ಈ 9.947 ಬಂದದ್ದು 4.32ನ್ನು 10ರ ಸಹಜ ಲಾಗ್ 2.3026ರಿಂದ ಗುಣಿಸಿದಾಗ. ಆ 2.3026ನ್ನು ಮರೆಯುವವರು ಬಹಳ. ಮರೆತರೆ ಕಿರಣ ಬಾಗುತ್ತದೆ, ಚಿತ್ರವೂ ಚೆಂದ ಕಾಣುತ್ತದೆ, ಆದರೆ ಅರ್ಧಕ್ಕಿಂತ ಕಡಿಮೆ ಬಲದಲ್ಲಿ ಬಾಗಿರುತ್ತದೆ.

## ಹಂತ 5: ಕಿರಣವನ್ನು ನಡೆಸುವುದು

ಇಡೀ ಕೆಲಸದ ಜೀವಾಳ ಇದು, ಸಮಯ ಕೊಟ್ಟು ಓದಿ.

ಹೆಚ್ಚಿನವರು ಕರೋನಾವನ್ನು ಈರುಳ್ಳಿಯಂತೆ ಪದರ ಪದರ ಮಾಡಿ, ಪ್ರತಿ ಪದರದಲ್ಲೂ ವಕ್ರೀಭವನದ ಸ್ನೆಲ್ ನಿಯಮ ಹಾಕುತ್ತಾರೆ. ತಿರುವಿನ ಹತ್ತಿರ ಕೋನದ ಸೈನ್ 1ನ್ನು ದಾಟುತ್ತದೆ, ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಪದರ ತೆಳುವಾಗಿಸಿದರೂ ತಿರುವು ಎಲ್ಲಿ ಎಂದು ನೀವೇ ಹೇಳಿಕೊಡಬೇಕಾಗುತ್ತದೆ. ಈ ವಿಧಾನವನ್ನು ಬಿಟ್ಟುಬಿಡಿ.

ಬದಲಿಗೆ ಕಿರಣವನ್ನು ಒಂದು ಚೆಂಡು ಎಂದುಕೊಳ್ಳಿ. ಚೆಂಡಿಗೆ ಎರಡು ಸದಿಶಗಳು: ಒಂದು ಅದರ ಸ್ಥಾನ, ಇನ್ನೊಂದು ನಡೆ-ಸದಿಶ. ನಡೆ-ಸದಿಶದ ದಿಕ್ಕು ಕಿರಣದ ದಿಕ್ಕು, ಅದರ ಉದ್ದ ಆ ಜಾಗದ ಸೂಚ್ಯಂಕ. ಎಣಿಕೆಗೆ ದಾರಿಯ ಉದ್ದವನ್ನು ಬಳಸದೆ, ದಾರಿಯ ಉದ್ದವನ್ನು ಸೂಚ್ಯಂಕದಿಂದ ಭಾಗಿಸಿದ ಒಂದು ಅಳತೆಯನ್ನು ಬಳಸಿ. ಇದನ್ನು ನಡೆ-ಅಳತೆ ಎನ್ನೋಣ. ಆಗ ಸಮೀಕರಣಗಳು ಇಷ್ಟು ಸರಳವಾಗುತ್ತವೆ:

ಸ್ಥಾನದ ಬದಲಾವಣೆಯ ದರ = ನಡೆ-ಸದಿಶ
ನಡೆ-ಸದಿಶದ ಬದಲಾವಣೆಯ ದರ = ಅರ್ಧ × ಸೂಚ್ಯಂಕದ ವರ್ಗದ ಇಳಿಜಾರು

ಇವುಗಳಲ್ಲಿ ಎಲ್ಲೂ ಸೂಚ್ಯಂಕದಿಂದ ಭಾಗಿಸುವುದಿಲ್ಲ, ಸೈನ್ ಇಲ್ಲ. ಗುಡ್ಡದ ಕಡೆ ಉರುಳಿಸಿದ ಚೆಂಡು ನಿಧಾನವಾಗಿ, ನಿಂತು, ಹಿಂದಿರುಗುವಂತೆ ಕಿರಣ ತಾನಾಗಿಯೇ ತಿರುಗುತ್ತದೆ. ನಡೆ-ಸದಿಶದ ಬದಲಾವಣೆಯ ದರವನ್ನು ನೂಕು ಎನ್ನೋಣ. ನ್ಯೂಕರ್ಕ್ ಮಾದರಿಯಲ್ಲಿ ಈ ನೂಕು ಯಾವಾಗಲೂ ಸೂರ್ಯನಿಂದ ಹೊರಮುಖವಾಗಿರುತ್ತದೆ:

ನೂಕು = 4.974 × (ಪ್ಲಾಸ್ಮಾ ಆವೃತ್ತಿ ÷ ಅಲೆಯ ಆವೃತ್ತಿ)² ÷ ದೂರ²

ದೂರ 1.44ರಲ್ಲಿ ಉತ್ತರ 1.27. ಋಣ ಚಿಹ್ನೆ ಬಂದಿದ್ದರೆ ಕಿರಣ ಸೂರ್ಯನೊಳಗೆ ಬೀಳುತ್ತದೆ. ಗಾಜಿನ ಮಸೂರದ ನೆನಪಿನಲ್ಲಿ ಬರೆದವರಿಗೆ ಹೀಗಾಗುತ್ತದೆ: ಅಲ್ಲಿ ಬೆಳಕು ದಟ್ಟವಾದ ಕಡೆಗೆ ಬಾಗುತ್ತದೆ, ಇಲ್ಲಿ ರೇಡಿಯೋ ಅಲೆ ದಟ್ಟಣೆಯಿಂದ ದೂರ ಬಾಗುತ್ತದೆ.

ನಡೆಸುವ ಕ್ರಮ ಹೀಗೆ: ಮೊದಲು ಅರ್ಧ ನೂಕು, ಆಮೇಲೆ ಪೂರ್ತಿ ಹೆಜ್ಜೆ, ಹೊಸ ಜಾಗದ ನೂಕನ್ನು ಲೆಕ್ಕ ಹಾಕಿ ಉಳಿದ ಅರ್ಧ ನೂಕು. ನಡೆ-ಅಳತೆಯಲ್ಲಿ ಹೆಜ್ಜೆ 0.01 ಇರಲಿ.

ಈ ಅಳತೆಯಿಂದ ಇನ್ನೊಂದು ಲಾಭವೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಪ್ಲಾಸ್ಮಾದಲ್ಲಿ ಸಂಕೇತ ಸಾಗುವ ವೇಗ, ಬೆಳಕಿನ ವೇಗ × ಸೂಚ್ಯಂಕ. ಹಾಗಾಗಿ ನಡೆ-ಅಳತೆಯನ್ನು 2.32ರಿಂದ ಗುಣಿಸಿದರೆ ಸಂಕೇತ ತೆಗೆದುಕೊಂಡ ಸಮಯ ಸೆಕೆಂಡಿನಲ್ಲಿ ಸಿಕ್ಕಿಬಿಡುತ್ತದೆ. ಬೇರೆ ಲೆಕ್ಕವೇ ಬೇಡ.

## ಹಂತ 6: ಮೊದಲ ಕಿರಣ, ಮೂರು ಪರೀಕ್ಷೆ

ನೋಡುಗ ಬಲಗಡೆ ಬಹುದೂರದಲ್ಲಿದ್ದಾನೆ ಎಂದುಕೊಳ್ಳಿ. ಕಿರಣವನ್ನು ನೋಡುಗನ ಕಡೆಯಿಂದ ಸೂರ್ಯನ ಕಡೆಗೆ ಹಿಮ್ಮುಖವಾಗಿ ನಡೆಸಿ. ದಾರಿ ಎರಡೂ ದಿಕ್ಕಿಗೆ ಒಂದೇ. ಆರಂಭ 5 ತ್ರಿಜ್ಯ ಬಲಕ್ಕೆ, 1 ತ್ರಿಜ್ಯ ಮೇಲಕ್ಕೆ. ಕಿರಣ ಬಾಗದೆ ನೇರ ಹೋಗಿದ್ದರೆ ಕೇಂದ್ರದಿಂದ ಎಷ್ಟು ದೂರದಲ್ಲಿ ಹಾಯುತ್ತಿತ್ತೋ ಅದು ಅಡ್ಡದೂರ. ಇಲ್ಲಿ ಅದು 1.

ಪರೀಕ್ಷೆ ಒಂದು: ತಿರುವು. ಕಿರಣ ಕೇಂದ್ರಕ್ಕೆ ಅತಿ ಹತ್ತಿರ ಬರುವ ಜಾಗದಲ್ಲಿ ಸೂಚ್ಯಂಕ × ದೂರ = ಅಡ್ಡದೂರ. ಇದರ ಪ್ರಕಾರ ತಿರುವು 1.44ರಲ್ಲಿ ಆಗಬೇಕು. ಅಡ್ಡದೂರ 0.5 ಆದರೆ 1.345ರಲ್ಲಿ. ಅಡ್ಡದೂರ ಸೊನ್ನೆಯಾದರೆ ಮಾತ್ರ ತಡೆಮಟ್ಟವಾದ 1.32ನ್ನು ಮುಟ್ಟುತ್ತದೆ. ಎಲ್ಲ ಕಿರಣಗಳೂ ತಡೆಮಟ್ಟದಲ್ಲೇ ಪ್ರತಿಫಲಿಸುತ್ತವೆ ಎಂದು ಊಹಿಸಿ ಬಿಡಿಸಿದ ಚಿತ್ರಗಳು ತಪ್ಪು. ಅಂಚಿನ ಕಿರಣಗಳು ಬಹಳ ಮೇಲೆಯೇ ಹೊರಳಿಕೊಳ್ಳುತ್ತವೆ.

ಪರೀಕ್ಷೆ ಎರಡು: ಉದ್ದ. ನಡೆ-ಸದಿಶದ ಉದ್ದದ ವರ್ಗದಿಂದ ಸೂಚ್ಯಂಕದ ವರ್ಗವನ್ನು ಕಳೆಯಿರಿ. ಉತ್ತರ ಎಲ್ಲೆಡೆ 0.001ಕ್ಕಿಂತ ಕಡಿಮೆ ಇರಬೇಕು. ಹೆಜ್ಜೆಯನ್ನು ಅರ್ಧ ಮಾಡಿದರೆ ತಪ್ಪು ಕಾಲು ಭಾಗವಾಗಬೇಕು. ಆರಂಭದಿಂದ ಕೊನೆಯವರೆಗೆ 0.0037 ಎಂಬ ಒಂದೇ ಸಂಖ್ಯೆ ಬರುತ್ತಿದೆಯೇ? ಹಾಗಿದ್ದರೆ ಆರಂಭದ ನಡೆ-ಸದಿಶದ ಉದ್ದವನ್ನು 1 ಎಂದಿಟ್ಟಿದ್ದೀರಿ. 5 ತ್ರಿಜ್ಯದಾಚೆಯೂ ಈ ಮಾದರಿಯಲ್ಲಿ ಸೂಚ್ಯಂಕ 0.998, ಆ ಉದ್ದವನ್ನೇ ಇಡಬೇಕು.

ಪರೀಕ್ಷೆ ಮೂರು: ಅಡ್ಡದೂರ. ಸ್ಥಾನ ಮತ್ತು ನಡೆ-ಸದಿಶಗಳ ಅಡ್ಡ ಗುಣಲಬ್ಧ ದಾರಿಯುದ್ದಕ್ಕೂ ಬದಲಾಗಬಾರದು. ಬದಲಾದರೆ ನಿಮ್ಮ ನೂಕು ಕೇಂದ್ರದಿಂದ ನೇರ ಹೊರಕ್ಕಿಲ್ಲ ಎಂದರ್ಥ. ಆದರೆ ಈ ಪರೀಕ್ಷೆ ಪಾಸಾಯಿತೆಂದು ಹೆಜ್ಜೆಯ ಗಾತ್ರ ಸರಿಯಿದೆ ಎಂದುಕೊಳ್ಳಬೇಡಿ. ಅರ್ಧ ನೂಕಿನ ವಿಧಾನದಲ್ಲಿ ಹೆಜ್ಜೆ ಎಷ್ಟೇ ಒರಟಾಗಿದ್ದರೂ ಅಡ್ಡದೂರ ಉಳಿದೇ ಉಳಿಯುತ್ತದೆ, ಅದು ವಿಧಾನದ ಗುಣ. ಹೆಜ್ಜೆಯ ಗಾತ್ರವನ್ನು ಹಿಡಿಯುವುದು ಎರಡನೆಯ ಪರೀಕ್ಷೆ ಮಾತ್ರ. ಇದನ್ನು ತಿಳಿಯದೆ 0.2ರ ಹೆಜ್ಜೆಯಲ್ಲಿ ನಡೆಸಿ, ಎಲ್ಲ ಸರಿಯಿದೆ ಎಂದು ನಂಬುವುದು ಸುಲಭ.

ಸಮಯವನ್ನೂ ಒಮ್ಮೆ ನೋಡಿ. ಅಡ್ಡದೂರ ಸೊನ್ನೆಯ ಕಿರಣ 5ರಿಂದ 1.32ಕ್ಕೆ ಹೋಗಿ ಮರಳಲು ಖಾಲಿ ಜಾಗದಲ್ಲಾದರೆ ಸುಮಾರು 17 ಸೆಕೆಂಡು ಸಾಕು. ನಿಮ್ಮ ಲೆಕ್ಕದಲ್ಲಿ ಅದಕ್ಕಿಂತ ಒಂದು ಸೆಕೆಂಡಿಗೂ ಮೀರಿ ತಡವಾಗಬೇಕು. ತಡವಾಗದಿದ್ದರೆ ಸಮಯವನ್ನು ದಾರಿಯ ಉದ್ದದಿಂದ ಲೆಕ್ಕ ಹಾಕಿದ್ದೀರಿ.

## ಹಂತ 7: ದಾರಿಯಲ್ಲಿ ಹೀರಿಕೆ ಎಷ್ಟು

ಎಲೆಕ್ಟ್ರಾನ್‌ಗಳು ಅಯಾನುಗಳ ಪಕ್ಕ ಹಾದುಹೋಗುವಾಗ ಅಲೆಯ ಶಕ್ತಿಯನ್ನು ಹೀರುತ್ತವೆ. ಸೂತ್ರದಲ್ಲಿ ಸೂಚ್ಯಂಕ ಛೇದದಲ್ಲಿ ಬರುತ್ತದೆ, ಆದರೆ ನಡೆ-ಅಳತೆ ಬಳಸಿದರೆ ಅದು ಇಲ್ಲಿಯೂ ತಾನಾಗಿ ಹೊಡೆದುಹೋಗುತ್ತದೆ:

ಪ್ರತಿ ಹೆಜ್ಜೆಯ ಹೀರಿಕೆ = 0.2 × ಸಾಂದ್ರತೆ² ÷ (ಆವೃತ್ತಿ² × ತಾಪಮಾನ^1.5) × ಹೆಜ್ಜೆ

ಎಚ್ಚರ: ಈ ಒಂದು ಸೂತ್ರದಲ್ಲಿ ಆವೃತ್ತಿ ಹರ್ಟ್ಸ್‌ನಲ್ಲಿ, ಹೆಜ್ಜೆ ಸೆಂಟಿಮೀಟರಿನಲ್ಲಿ ಇರಬೇಕು. ತಾಪಮಾನ 10 ಲಕ್ಷ ಕೆಲ್ವಿನ್ ಎಂದಿಟ್ಟರೆ, 80 ಮೆಗಾಹರ್ಟ್ಸ್‌ನ ತಡೆಮಟ್ಟದಲ್ಲಿ ಒಂದು ತ್ರಿಜ್ಯಕ್ಕೆ ಸುಮಾರು 13.7 ಬರುತ್ತದೆ. 10⁻¹⁰ರ ಆಸುಪಾಸಿನ ಸಂಖ್ಯೆ ಕಂಡರೆ 6.957 × 10¹⁰ರಿಂದ ಗುಣಿಸಲು ಮರೆತಿದ್ದೀರಿ.

ಹೋಗಿಬರುವ ದಾರಿಯ ಒಟ್ಟು ಹೀರಿಕೆ ಕೂಡಿಸಿ. ಕಾಣುವ ತಾಪಮಾನ = ಕರೋನಾದ ತಾಪಮಾನ × (1 − e^−ಒಟ್ಟು ಹೀರಿಕೆ). ನಡುವಿನ ಕಿರಣಕ್ಕೆ ಒಟ್ಟು ಹೀರಿಕೆ 6ನ್ನು ದಾಟಬೇಕು, ಅಂದರೆ ಸೂರ್ಯನ ನಡುಭಾಗ ಬಹುತೇಕ ಪೂರ್ತಿ 10 ಲಕ್ಷ ಕೆಲ್ವಿನ್‌ನಲ್ಲೇ ಹೊಳೆಯುತ್ತದೆ. ಅಡ್ಡದೂರ ಹೆಚ್ಚಿಸುತ್ತಾ ಹೋದರೆ ಹೊಳಪು ನಿಧಾನವಾಗಿ ಕರಗುತ್ತದೆ. ಅಂಚಿನಲ್ಲಿ ಹೊಳಪು ಗೋಡೆಯಂತೆ ಒಮ್ಮೆಲೇ ಕುಸಿದರೆ ಕಿರಣಗಳು ಬಾಗುತ್ತಿಲ್ಲ ಎಂದೇ ಅರ್ಥ.

## ಹಂತ 8: ಸಿಡಿತದ ಮೂಲದಿಂದ ಹೊರಕ್ಕೆ

ಸೌರ ಸಿಡಿತಗಳಲ್ಲಿ ಎಲೆಕ್ಟ್ರಾನ್ ಕಿರಣಪುಂಜ ಹಾಯುವಾಗ ಅಲ್ಲಿನ ಪ್ಲಾಸ್ಮಾ ಆವೃತ್ತಿಗೆ ಹತ್ತಿರದಲ್ಲಿ ಮತ್ತು ಅದರ ಎರಡು ಪಟ್ಟಿನಲ್ಲಿ ರೇಡಿಯೋ ಅಲೆ ಹುಟ್ಟುತ್ತದೆ. ಇಲ್ಲಿ ಕಿರಣವನ್ನು ಮೂಲದಿಂದಲೇ ಹೊರಡಿಸಬೇಕು.

ಸರಿಯಾಗಿ ತಡೆಮಟ್ಟದಲ್ಲೇ ಹೊರಡಿಸಬೇಡಿ. ಅಲ್ಲಿ ಸೂಚ್ಯಂಕ ಸೊನ್ನೆ, ನಡೆ-ಸದಿಶಕ್ಕೆ ಉದ್ದವೇ ಇಲ್ಲ, ದಿಕ್ಕು ಎಂಬ ಮಾತಿಗೂ ಅರ್ಥವಿಲ್ಲ. ಅಲೆಯ ಆವೃತ್ತಿ ಪ್ಲಾಸ್ಮಾ ಆವೃತ್ತಿಯ 1.1 ಪಟ್ಟು ಇರುವ ಜಾಗ ತೆಗೆದುಕೊಳ್ಳಿ. 80 ಮೆಗಾಹರ್ಟ್ಸ್‌ಗೆ ಅದು 1.35. ಅಲ್ಲಿ ಸೂಚ್ಯಂಕ 0.417. ಎಲ್ಲ ದಿಕ್ಕಿಗೂ ಕಿರಣಗಳನ್ನು ಬಿಟ್ಟರೆ ಅವು ಹೊರಬರುವ ಹೊತ್ತಿಗೆ ಸುಮಾರು 25 ಡಿಗ್ರಿ ಅರ್ಧಕೋನದ ಶಂಕುವಿನೊಳಗೆ ಒಟ್ಟುಗೂಡುತ್ತವೆ. ಎರಡು ಪಟ್ಟಿನ ಅಲೆಗೆ ಸೂಚ್ಯಂಕ 0.866, ಶಂಕುವಿನ ಅರ್ಧಕೋನ 60 ಡಿಗ್ರಿ. ಇವು ಸಮತಲ ಪದರಗಳ ಅಂದಾಜು. ಗೋಳಾಕಾರದ ಕರೋನಾದಲ್ಲಿ ಸ್ವಲ್ಪ ಬೇರೆ ಬಂದರೆ ಗಾಬರಿಯಾಗಬೇಡಿ.

ಒಂದೇ 80 ಮೆಗಾಹರ್ಟ್ಸ್‌ನಲ್ಲಿ ಕಂಡ ಎರಡು ಮೂಲಗಳು ಒಂದೇ ಜಾಗದವಲ್ಲ ಎಂಬುದನ್ನೂ ಗಮನಿಸಿ. ಮೊದಲ ಬಗೆಯದು 1.32ರಿಂದ ಸ್ವಲ್ಪ ಮೇಲೆ ಹುಟ್ಟಿದ್ದು, ಎರಡು ಪಟ್ಟಿನ ಬಗೆಯದು ಪ್ಲಾಸ್ಮಾ ಆವೃತ್ತಿ 40 ಇರುವ 1.62ರಲ್ಲಿ ಹುಟ್ಟಿದ್ದು.

## ಹಂತ 9: ಚದುರಿಕೆ ಸೇರಿಸಿ

ಇಲ್ಲಿಯವರೆಗೆ ಕರೋನಾ ನುಣುಪಾಗಿದೆ ಎಂದುಕೊಂಡಿದ್ದೆವು. ನಿಜದಲ್ಲಿ ಅದು ಸಣ್ಣಪುಟ್ಟ ಸಾಂದ್ರತೆಯ ಏರಿಳಿತಗಳಿಂದ ತುಂಬಿದೆ, ಮಂಜುಗಟ್ಟಿದ ಗಾಜಿನ ಹಾಗೆ. ಲೋಫಾರ್ ರೇಡಿಯೋ ದೂರದರ್ಶಕ 30 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನೋಡಿದ ಸಿಡಿತದ ಮೂಲಗಳು ಸುಮಾರು 20 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಗಲ ಕಂಡವು. ಇಡೀ ಸೂರ್ಯನ ಬಿಂಬವೇ 32 ಆರ್ಕ್‌ಮಿನಿಟ್. ಆ ಸಿಡಿತದ ಸೂಕ್ಷ್ಮ ಪಟ್ಟಿಗಳ ಆವೃತ್ತಿ ಅಗಲವನ್ನು ನೋಡಿದರೆ ನಿಜವಾದ ಮೂಲ ಅದರ ಬಹಳ ಸಣ್ಣ ಪಾಲು. ನಡುವಿನದೆಲ್ಲ ಚದುರಿಕೆಯ ಕೆಲಸ. ನುಣುಪು ಕರೋನಾದ ಲೆಕ್ಕವನ್ನು ನೇರವಾಗಿ ಚಿತ್ರದೊಂದಿಗೆ ಹೋಲಿಸುವವರು ನಿರಾಶರಾಗುವುದು ಇದಕ್ಕೇ.

ಪ್ರತಿ ಹೆಜ್ಜೆಯ ಕೊನೆಗೆ ನಡೆ-ಸದಿಶವನ್ನು ಸಣ್ಣ ಯಾದೃಚ್ಛಿಕ ಕೋನದಷ್ಟು ತಿರುಗಿಸಿ, ಉದ್ದವನ್ನು ಆ ಜಾಗದ ಸೂಚ್ಯಂಕಕ್ಕೆ ಮತ್ತೆ ಸರಿಹೊಂದಿಸಿ. ಕೋನದ ವರ್ಗದ ಸರಾಸರಿ ಎರಡಕ್ಕೆ ಅನುಪಾತದಲ್ಲಿರಲಿ: ಸಾಗಿದ ನಿಜ ಉದ್ದ, ಮತ್ತು ಪ್ಲಾಸ್ಮಾ ಆವೃತ್ತಿ⁴ ÷ (ಅಲೆಯ ಆವೃತ್ತಿ² − ಪ್ಲಾಸ್ಮಾ ಆವೃತ್ತಿ²)². ಕೋನವಲ್ಲ, ಕೋನದ ವರ್ಗ ಹೆಜ್ಜೆಗೆ ಅನುಪಾತದಲ್ಲಿರಬೇಕು. ಇದನ್ನು ತಪ್ಪಿಸಿದರೆ ಹೆಜ್ಜೆಯ ಗಾತ್ರ ಬದಲಿಸಿದಾಗಲೆಲ್ಲ ಮೂಲದ ಅಗಲವೂ ಬದಲಾಗುತ್ತದೆ. ತಡೆಮಟ್ಟದ ಬಳಿ ಛೇದ ಸೊನ್ನೆಯತ್ತ ಜಾರುವುದರಿಂದ ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ. ಒಂದು ಹೆಜ್ಜೆಗೆ ಕೋನ ಕೆಲವೇ ಡಿಗ್ರಿ ದಾಟಬಾರದು. ಈ ಹಂತದಿಂದ ಮೂರನೆಯ ಪರೀಕ್ಷೆ ಅನ್ವಯಿಸುವುದಿಲ್ಲ, ಚದುರಿದ ಕಿರಣಕ್ಕೆ ಸ್ಥಿರವಾದ ಅಡ್ಡದೂರ ಇರುವುದಿಲ್ಲ.

ಸಾವಿರಾರು ಕಿರಣಗಳನ್ನು ಬಿಟ್ಟ ಮೇಲೆ ಮೂರು ಬದಲಾವಣೆ ಕಾಣಬೇಕು: ಮೂಲ ದೊಡ್ಡದಾಗುತ್ತದೆ, ಹುಟ್ಟಿದ ಜಾಗಕ್ಕಿಂತ ಹೊರಗೆ ಸರಿದಂತೆ ತೋರುತ್ತದೆ, ಸಿಡಿತದ ಕೊನೆಗೆ ಬಾಲ ಬೆಳೆಯುತ್ತದೆ, ಅಂದರೆ ಸಂಕೇತ ತಟ್ಟನೆ ನಿಲ್ಲದೆ ನಿಧಾನವಾಗಿ ಕ್ಷೀಣಿಸುತ್ತದೆ. ಹಂತ 8ರ ಇಕ್ಕಟ್ಟಾದ ಶಂಕು ಕೂಡ ಅಗಲವಾಗುತ್ತದೆ. ಏರಿಳಿತಗಳು ಎಲ್ಲ ದಿಕ್ಕಿಗೂ ಒಂದೇ ಎಂದುಕೊಂಡರೆ ಗಾತ್ರ ಹೊಂದಿದಾಗ ಬಾಲ ವಿಪರೀತ ಉದ್ದವಾಗುವುದು ಸಾಮಾನ್ಯ. ಏರಿಳಿತಗಳನ್ನು ಸೂರ್ಯನಿಂದ ಹೊರಮುಖವಾಗಿ ಎಳೆದ ಎಳೆಗಳಂತೆ, ಅಡ್ಡ ದಿಕ್ಕಿನಲ್ಲಿ ಹೆಚ್ಚು ಚದುರಿಸುವಂತೆ ಇಟ್ಟರೆ ಗಾತ್ರ ಮತ್ತು ಬಾಲ ಎರಡೂ ಒಟ್ಟಿಗೆ ಹೊಂದುತ್ತವೆ.

## ಕಾಂತಕ್ಷೇತ್ರವನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸುತ್ತುವ ಆವೃತ್ತಿ ಒಂದು ಗಾಸ್‌ಗೆ (ಕಾಂತಕ್ಷೇತ್ರದ ಏಕಮಾನ) 2.8 ಮೆಗಾಹರ್ಟ್ಸ್. ದಾರಿಯಲ್ಲಿ ಕ್ಷೇತ್ರ 2 ಗಾಸ್ ಇದ್ದರೆ 5.6 ಮೆಗಾಹರ್ಟ್ಸ್, 80ರ ಮುಂದೆ ಅದು ಚಿಕ್ಕದು, ಕಿರಣದ ದಾರಿಗೆ ಬಿಡಬಹುದು. ಧ್ರುವೀಕರಣ (ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದು) ಬೇಕಿದ್ದರೆ ಮಾತ್ರ ಬಿಡುವಂತಿಲ್ಲ, ಏಕೆಂದರೆ ಎರಡು ಬಗೆಯ ಧ್ರುವೀಕರಣದ ಅಲೆಗಳ ತಡೆಮಟ್ಟ ಬೇರೆಯಾಗುತ್ತದೆ. ಸೌರಕಲೆಗಳ ಮೇಲೆ ನೂರಾರು ಗಾಸ್ ಇರುವ ಕಡೆ, ಗಿಗಾಹರ್ಟ್ಸ್ ಅಲೆಗಳಿಗೆ, ಈ ಮಾರ್ಗದರ್ಶಿಯ ಸೂಚ್ಯಂಕ ಸೂತ್ರವೇ ಸಾಲದು. ಕಾಂತಕ್ಷೇತ್ರ ಸೇರಿದ ಪೂರ್ಣ ಸೂತ್ರ ಹಾಕಿ ಹಂತ 4ರಿಂದ ಮತ್ತೆ ಶುರುಮಾಡಿ.

ಲೆಕ್ಕವನ್ನು ನೆಲದ ಮೇಲಿನ ವೀಕ್ಷಣೆಯೊಂದಿಗೆ ಹೋಲಿಸುವಾಗ ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯಬೇಡಿ. ಭೂಮಿಯ ಅಯಾನುಗೋಳ ಅಲ್ಲಿ ಅಲೆಯನ್ನು ತಡೆದುಬಿಡುತ್ತದೆ, ದತ್ತಾಂಶ ಬಾಹ್ಯಾಕಾಶ ನೌಕೆಗಳಿಂದಲೇ ಬರಬೇಕು. 40ರಿಂದ 80 ಮೆಗಾಹರ್ಟ್ಸ್ ನಡುವೆಯೂ ಅಯಾನುಗೋಳ ಮೂಲವನ್ನು ಆಚೀಚೆ ಸರಿಸುತ್ತದೆ. ಅದನ್ನು ತಿದ್ದಿದ ಚಿತ್ರವನ್ನೇ ಹೋಲಿಕೆಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಆ ಸರಿತವನ್ನು ಕರೋನಾದ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ.